ದಾವಣಗೆರೆಯಿಂದ ಆನ್ ಆರ್ಬರ್‌ಗೆ: ಮಿಶಿಗನ್ ಫುಟ್‌ಬಾಲ್ ಶನಿವಾರಕ್ಕೆ ತಯಾರಿ

ಮಗನೋ ಮಗಳೋ ಅಮೆರಿಕದ ಆನ್ ಆರ್ಬರ್ ಊರಿನ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದು, ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ನೀವು ಅಲ್ಲಿಗೆ ಹೋದರೆ, ಒಂದು ಶನಿವಾರ ಫುಟ್‌ಬಾಲ್‌ಗೆ ಕರೆದೊಯ್ಯದೆ ಬಿಡುವುದಿಲ್ಲ. ಇದು ನಾವು ಬಲ್ಲ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಕ್ರೀಡಾಂಗಣ 1927ರದ್ದು, 1,07,601 ಜನ ಹಿಡಿಸುತ್ತದೆ. 2011ರ ಜನಗಣತಿಯ ಲೆಕ್ಕದಲ್ಲಿ ದಾವಣಗೆರೆ ನಗರದ ಕಾಲು ಭಾಗ.

ಮೊದಲು ಟಿಕೆಟ್. ವಿದ್ಯಾರ್ಥಿಗಳ ವಿಭಾಗದಲ್ಲಿ ಬೇಡ ಎಂದು ಮುಂಚೆಯೇ ಹೇಳಿ. ಅಲ್ಲಿ ಆಟ ಮುಗಿಯುವವರೆಗೂ ಎಲ್ಲರೂ ನಿಂತೇ ಇರುತ್ತಾರೆ. ಮಂಡಿ ನೋವಿದ್ದವರು ಕೆಳಗಿನ ಸಾಲನ್ನೂ ಕೇಳಬೇಡಿ. ಮೈದಾನ ನೆಲಮಟ್ಟಕ್ಕಿಂತ ತಗ್ಗಿನಲ್ಲಿದೆ. ಒಳಗೆ ಬಂದವರು ಇಳಿದು ಹೋಗುತ್ತಾರೆ, ಶೌಚಾಲಯಕ್ಕೆ ಹೋಗಬೇಕೆಂದರೆ ಅಷ್ಟೂ ಮೆಟ್ಟಿಲು ಹತ್ತಬೇಕು.

ಬಟ್ಟೆಯ ಬಣ್ಣ ಮುಖ್ಯ. ತಂಡದ್ದು ಮೇಜ್ ಮತ್ತು ನೀಲಿ. ಮೇಜ್ ಅಂದರೆ ಮೆಕ್ಕೆಜೋಳದ ಹಳದಿ. ಆ ಬಣ್ಣ ಹೇಗಿರುತ್ತದೆಂದು ದಾವಣಗೆರೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಓಹಾಯೊ ಸ್ಟೇಟ್ ಎದುರಿನ ಪಂದ್ಯಕ್ಕೆ ಕೆಂಪು ಸ್ವೆಟರ್ ಬೇಡ, ಮಿಶಿಗನ್ ಸ್ಟೇಟ್ ಬಂದಾಗ ಹಸಿರು ಬೇಡ, ಅವು ಎದುರಾಳಿಗಳ ಬಣ್ಣ. ನವೆಂಬರ್‌ನಲ್ಲಿ ಚಳಿ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಯುವುದುಂಟು. ಒಂದು ದಪ್ಪ ಸ್ವೆಟರ್‌ಗಿಂತ ತೆಳುವಾದ ಮೂರು ಪದರ ಮೇಲು. ಆದರೂ ಮೊದಲು ಮರಗಟ್ಟುವುದು ಕೂರುವ ಜಾಗ: ಲೋಹದ ಬೆಂಚು ಮೈಶಾಖ ಹೀರಿಬಿಡುತ್ತದೆ. ಚಳ್ಳಕೆರೆ ಕಂಬಳಿಯೊಂದನ್ನು ಒಯ್ದು ನಾಲ್ಕು ಮಡಿಕೆ ಮಾಡಿ ಹಾಸಿ. ಸೂಟ್‌ಕೇಸಿನಲ್ಲಿ ಅದರ ಭಾರ ದಂಡವಾಗುವುದಿಲ್ಲ.

ಆಟಕ್ಕೆ ಮುಂಚೆ ಟೇಲ್‌ಗೇಟ್: ಪಯನಿಯರ್ ಹೈಸ್ಕೂಲ್ ಆವರಣದಲ್ಲೂ ಎದುರಿನ ಗಾಲ್ಫ್ ಮೈದಾನದಲ್ಲೂ ಕಾರಿನ ಹಿಂಬಾಗಿಲು ತೆರೆದಿಟ್ಟು ಊಟ, ಹರಟೆ. ಮಂಡಕ್ಕಿ ಮೆಣಸಿನಕಾಯಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆರು ಜನಕ್ಕೆ 400 ಗ್ರಾಂ ಮಂಡಕ್ಕಿ ಸಾಕು. ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ‘ಮಮ್ರಾ’ ಎಂದು ಕೇಳಿ. ಒಗ್ಗರಣೆ ಮನೆಯಲ್ಲೇ ಹಾಕಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ. ಈರುಳ್ಳಿ, ಟೊಮೆಟೊ, ನಿಂಬೆಹಣ್ಣು ಬೇರೆ ಇರಲಿ. ಮೊದಲೇ ಕಲಸಿದರೆ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಮೆಣಸಿನಕಾಯಿಯನ್ನು ಫಾಯಿಲ್‌ನಲ್ಲಿ ಸುತ್ತಬೇಡಿ, ಒಳಗಿನ ಹಬೆಗೆ ಹಿಟ್ಟು ನೆನೆದು ಸಿಪ್ಪೆ ಬಿಡುತ್ತದೆ. ಕಾಗದ ಹಾಸಿದ ಬುಟ್ಟಿಯಲ್ಲಿ ಸಡಿಲವಾಗಿಡಿ. ಬಾಣಲೆ ಒಯ್ದು ಅಲ್ಲೇ ಕರಿಯುತ್ತೇನೆನ್ನುವ ಉತ್ಸಾಹ ಬೇಡ. ಬಯಲ ಗಾಳಿಗೆ ಎಣ್ಣೆ ಸರಿಯಾಗಿ ಕಾಯುವುದೇ ಇಲ್ಲ. ಇದ್ಯಾವುದನ್ನೂ ಒಳಗೆ ಬಿಡುವುದಿಲ್ಲ, ತಿಂದು, ಉಳಿದದ್ದನ್ನು ಕಾರಿನಲ್ಲೇ ಇಟ್ಟು ಹೊರಡಿ. ವ್ಯಾನಿಟಿ ಬ್ಯಾಗ್ ಮನೆಯಲ್ಲೇ ಇರಲಿ. ಫೋನ್, ಮಾತ್ರೆ ಕೋಟಿನ ಜೇಬಿಗೆ.

ಆಟ ಶುರುವಾಗುವ ಅರ್ಧ ಗಂಟೆ ಮುಂಚೆ ಸೀಟಿನಲ್ಲಿರಬೇಕು. ತಡವಾದರೆ ನಿಜವಾದ ಸೊಗಸೇ ತಪ್ಪುತ್ತದೆ. ಸುರಂಗದಿಂದ ಬ್ಯಾಂಡ್ ಓಡಿಬರುತ್ತದೆ, ಅದರ ನಾಯಕ ಬೆನ್ನು ಹಿಂದಕ್ಕೆ ಬಾಗಿಸಿ ತಲೆಯನ್ನು ನೆಲಕ್ಕೆ ಮುಟ್ಟಿಸುತ್ತಾನೆ. ಆಮೇಲೆ ಆಟಗಾರರು ಓಡಿ ಬಂದು ನೀಲಿ ಬ್ಯಾನರನ್ನು ಹಾರಿ ಮುಟ್ಟುತ್ತಾರೆ. 1898ರಲ್ಲಿ ಲೂಯಿಸ್ ಎಲ್ಬೆಲ್ ಎಂಬ ವಿದ್ಯಾರ್ಥಿ ರಚಿಸಿದ ‘ದ ವಿಕ್ಟರ್ಸ್’ ದಿನವಿಡೀ ಮೊಳಗುತ್ತದೆ. ‘ಹೇಲ್’ ಬಂದಾಗೆಲ್ಲ ಮುಷ್ಟಿ ಮೇಲೆತ್ತಿದರಾಯಿತು.

ನಿಯಮ ಇಷ್ಟು ಗೊತ್ತಿದ್ದರೆ ಸಾಕು: ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ದೂರಕ್ಕೆ ಒದ್ದುಬಿಡುತ್ತಾರೆ. ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವ ಟಚ್‌ಡೌನ್‌ಗೆ 6 ಅಂಕ, ಆಮೇಲಿನ ಒದೆತಕ್ಕೆ 1, ಆಟದ ನಡುವೆ ಚೆಂಡನ್ನು ಗೋಲ್ ಕಂಬಗಳ ಮಧ್ಯೆ ಒದೆಯುವ ಫೀಲ್ಡ್ ಗೋಲ್‌ಗೆ 3. ನಮ್ಮವರ ಕೈಯಲ್ಲಿ ಚೆಂಡಿದ್ದಾಗ ಸುಮ್ಮನಿರಿ, ದಾಳಿ ಮುನ್ನಡೆಸುವ ಆಟಗಾರ ಕ್ವಾರ್ಟರ್‌ಬ್ಯಾಕ್ ಕೂಗುವುದು ಜೊತೆಗಾರರಿಗೆ ಕೇಳಬೇಕು. ಎದುರಾಳಿಯ ಮೂರನೇ ಪ್ರಯತ್ನಕ್ಕೆ ಗಂಟಲು ಹರಿಯುವಂತೆ ಕೂಗಿ.

ಗಡಿಯಾರದಲ್ಲಿ 60 ನಿಮಿಷದ ಆಟ, ಆದರೆ ಅದು ಪದೇಪದೇ ನಿಲ್ಲುವುದರಿಂದ ಮೂರೂವರೆ ಗಂಟೆ ಹಿಡಿಯುತ್ತದೆ. ವಿರಾಮದಲ್ಲಿ ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ಮುಗಿದ ಮೇಲೆ ಕಾರು ಹೊರಡಿಸಲು ಆತುರಪಡಬೇಡಿ, ಎಲ್ಲರೂ ಒಟ್ಟಿಗೆ ಹೊರಟಿರುತ್ತಾರೆ. ಡಬ್ಬಿಯಲ್ಲಿ ಉಳಿದ ಮಂಡಕ್ಕಿ ಆಗ ಉಪಯೋಗಕ್ಕೆ ಬರುತ್ತದೆ.