ಸಾಕಿದ ನಾಯಿಗೋ ಬೆಕ್ಕಿಗೋ ಬೇರೆ ಪ್ರಾಣಿ ಕಚ್ಚಿದಾಗ

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರಾತ್ರಿ ಬಿಟ್ಟ ನಾಯಿ ಬೀದಿನಾಯಿಯೊಡನೆಯೋ ನರಿ, ಮುಂಗುಸಿಗಳೊಡನೆಯೋ ಕಾದಾಡಿ ಬೆಳಿಗ್ಗೆ ಕಿವಿ ಹರಿದುಕೊಂಡು ಬರುವುದು ಅಪರೂಪವಲ್ಲ. ಕಚ್ಚಿದ ಪ್ರಾಣಿ ಯಾವುದೆಂದು ತಿಳಿಯದಿದ್ದರೆ ಅದಕ್ಕೆ ರೇಬೀಸ್ ಇದ್ದಿರಬಹುದೆಂದೇ ಭಾವಿಸಿ ಮುಂದುವರಿಯಬೇಕು.

ಬರಿಗೈಯಲ್ಲಿ ಗಾಯ ಮುಟ್ಟಬೇಡಿ. ಕಚ್ಚಿದ ಪ್ರಾಣಿಯ ಜೊಲ್ಲು ಕೂದಲಿನ ಮೇಲೆ ಇನ್ನೂ ಹಸಿಯಾಗಿರಬಹುದು; ಹಣ್ಣು ಕೊಯ್ದು ಗೀರಿದ ಕೈಗಳಿಗೆ ಅದು ತಾಕಬಾರದು. ಕೈಗವಸು ಹಾಕಿಕೊಂಡು, ಉಸಿರಾಟಕ್ಕೆ ತೊಂದರೆಯಿಲ್ಲದ ನಾಯಿಯಾದರೆ ಬಟ್ಟೆಪಟ್ಟಿಯಿಂದ ಮೂತಿ ಕಟ್ಟಿ, ಬೆಕ್ಕಾದರೆ ದಪ್ಪ ಟವೆಲಿನಲ್ಲಿ ಸುತ್ತಿ, ಕೂದಲು ಬಿಡಿಸಿ ನೋಡಿ. ಬೆಕ್ಕಿನ ಹಲ್ಲು ಮಾಡುವ ತೂತು ಸೂಜಿಮೊನೆಯಷ್ಟೇ ಕಂಡರೂ ಆಳಕ್ಕೆ ಇಳಿದಿರುತ್ತದೆ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಪೋವಿಡೋನ್ ಅಯೋಡಿನ್ ಎಂಬ ಸೋಂಕುನಿವಾರಕ ಹಾಕಿ. ಅರಿಶಿನ, ಸುಣ್ಣ, ಕಾಫಿ ಪುಡಿ ಯಾವುದೂ ಬೇಡ.

ಅದೇ ದಿನ ಲಸಿಕೆ ಕಾರ್ಡಿನೊಡನೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಹಿಂದೆ ಲಸಿಕೆ ಆಗಿದ್ದರೂ ತಕ್ಷಣ ಮತ್ತೊಂದು ಚುಚ್ಚುಮದ್ದು ಬೇಕು. ಆಮೇಲೆ 45 ದಿನ ಕಣ್ಣಿಟ್ಟಿರಬೇಕು. ಲಸಿಕೆಯೇ ಆಗದ ಪ್ರಾಣಿಗೆ ಸಾಮಾನ್ಯವಾಗಿ 0 (ಮೊದಲ ಚುಚ್ಚುಮದ್ದಿನ ದಿನ), 3, 7, 14 ಮತ್ತು 28ನೇ ದಿನ ಚುಚ್ಚುಮದ್ದು ಕೊಡುತ್ತಾರೆ. ಅದು ಪೂರ್ಣ ರಕ್ಷಣೆಯ ಖಾತರಿಯಲ್ಲವಾದ್ದರಿಂದ, ವೈದ್ಯರು ಹೇಳಿದಂತೆ ನಾಲ್ಕರಿಂದ ಆರು ತಿಂಗಳು ಮಕ್ಕಳಿಂದಲೂ ಇತರ ಪ್ರಾಣಿಗಳಿಂದಲೂ ದೂರವಿಡಬೇಕಾಗುತ್ತದೆ.

ಅನೇಕರು ತಪ್ಪು ತಿಳಿಯುವುದು ಹತ್ತು ದಿನದ ಲೆಕ್ಕವನ್ನು. ಮನುಷ್ಯನನ್ನು ಕಚ್ಚಿದ ನಾಯಿ ಅಥವಾ ಬೆಕ್ಕು ಹತ್ತು ದಿನ ಆರೋಗ್ಯವಾಗಿ ಬದುಕಿದರೆ, ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲವೆಂದು ಅರ್ಥ. ಕಚ್ಚಿಸಿಕೊಂಡ ಪ್ರಾಣಿಗೆ ಈ ಲೆಕ್ಕ ಅನ್ವಯಿಸುವುದೇ ಇಲ್ಲ. ಅದರ ದೇಹದಲ್ಲಿ ವೈರಾಣು ನರಗಳ ಮೂಲಕ ಮಿದುಳು ಸೇರಲು ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಹನ್ನೊಂದನೆಯ ದಿನ ಲವಲವಿಕೆಯಿಂದ ಓಡಾಡುವ ನಾಯಿಯನ್ನು ಕಂಡು ಉಳಿದ ಚುಚ್ಚುಮದ್ದು ನಿಲ್ಲಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಈ ಅವಧಿಯಲ್ಲಿ ಸ್ವಭಾವ ಬದಲಾದರೆ, ಬೊಗಳುವ ದನಿ ಒಡೆದರೆ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿದರೆ ಹತ್ತಿರ ಹೋಗದೆ ಪಶುವೈದ್ಯರಿಗೆ ತಿಳಿಸಿ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈಹಾಕುವುದು ಇಂಥ ಹೊತ್ತಿನಲ್ಲೇ. ಎಲ್ಲ ರೇಬೀಸ್ ನಾಯಿಗಳೂ ಅಟ್ಟಿಸಿಕೊಂಡು ಬರುವುದಿಲ್ಲ. ಕೆಲವು ಮಂಕಾಗಿ ಮೂಲೆ ಸೇರುತ್ತವೆ.

ಮನೆಯವರಿಗೆ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ 15 ನಿಮಿಷ ಸೋಪಿನಿಂದ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹತ್ತು ದಿನ ಕಾದು ನೋಡೋಣವೆಂದು ಲಸಿಕೆ ತಡಮಾಡಬಾರದು. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ (ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು) ಸಹ ಬೇಕೆಂಬುದನ್ನು ನೆನಪಿಟ್ಟು ಕೇಳಿ.

ಪ್ರಾಣಿ ಸತ್ತರೆ ಕೂಡಲೇ ಹೂಳಬೇಡಿ. ಮಿದುಳಿನ ಪರೀಕ್ಷೆಯಿಂದಲೇ ರೋಗ ಖಚಿತವಾಗುವುದರಿಂದ, ದೇಹವನ್ನು ಮುಟ್ಟದೆ ಪಶುವೈದ್ಯರಿಗೆ ಮೊದಲು ಫೋನ್ ಮಾಡಿ, ಅವರು ಹೇಳಿದಂತೆ ನಡೆಯಿರಿ.