ಹಾಡನ್ನು ಎಲ್ಲಿ ಕತ್ತರಿಸಬೇಕು?

ಅಂತ್ಯಾಕ್ಷರಿಯಲ್ಲಿ ಒಂದು ತೊಂದರೆ ಇದೆ. ಹಾಡಲು ಧೈರ್ಯ ಇರುವ ನಾಲ್ಕು ಜನ ಆಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾ ಊಟ ಯಾವಾಗ ಅಂತ ಕಾಯುತ್ತಾರೆ. ಅದಕ್ಕೇ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ನಾನು ಮ್ಯೂಸಿಕ್ ಬಿಟ್ ಆಟ ಶುರು ಮಾಡಿದೆ. ಹಳೆಯ ಕನ್ನಡ ಚಿತ್ರಗೀತೆಯ ಒಂದು ಚೂರು ವಾದ್ಯಸಂಗೀತ ಕೇಳಿಸುತ್ತೇನೆ, ಹಾಡು ಯಾವುದು ಅಂತ ಹೇಳಬೇಕು. ಕಂಠ ಚೆನ್ನಾಗಿರಬೇಕಾಗಿಲ್ಲ, ಕಿವಿ ಇದ್ದರೆ ಸಾಕು.

ಆಟ ಸುಲಭ. ತುಣುಕು ಮಾಡುವುದೇ ಕೆಲಸ.

2022ರಲ್ಲಿ ಹರ್ಡಲ್ (Heardle) ಅಂತ ಒಂದು ಆನ್‌ಲೈನ್ ಆಟ ಬಂದಿತ್ತು, ನೆನಪಿದೆಯಾ? ಹಾಡಿನ ಮೊದಲ ಒಂದೇ ಸೆಕೆಂಡು ಕೇಳಿಸುತ್ತಿತ್ತು. ಗೊತ್ತಾಗದಿದ್ದರೆ ಎರಡು, ನಾಲ್ಕು, ಹೀಗೆ 16 ಸೆಕೆಂಡಿನವರೆಗೂ ಬೆಳೆಯುತ್ತಿತ್ತು. ಮರುವರ್ಷ ಅದು ನಿಂತೇ ಹೋಯಿತು. ಹಂತ ಹಂತವಾಗಿ ಬೆಳೆಸುವ ಉಪಾಯವನ್ನು ನಾನು ಇಟ್ಟುಕೊಂಡೆ, ಆರಂಭದಿಂದ ಕೇಳಿಸುವುದನ್ನು ಬಿಟ್ಟೆ. ನಮ್ಮ ಎಷ್ಟೋ ಹಾಡುಗಳು ನೇರವಾಗಿ ದನಿಯಿಂದಲೇ ಶುರುವಾಗುತ್ತವೆ. ವಾದ್ಯದಿಂದ ಶುರುವಾಗುವ ಹಾಡುಗಳ ಮೊದಲ ಸಾಲು ಕರೋಕೆ ಮಾಡುವವರಿಗೆಲ್ಲ ಬಾಯಿಪಾಠ. ಅದರಲ್ಲಿ ಮಜಾ ಇಲ್ಲ.

ಒಳ್ಳೆಯ ತುಣುಕು ಇರುವುದು ಪಲ್ಲವಿ ಮತ್ತು ಚರಣದ ನಡುವೆ. ಅಲ್ಲಿಯೂ ಎಲ್ಲೆಂದರಲ್ಲಿ ಅಲ್ಲ. ವಾದ್ಯಗಳೆಲ್ಲ ತಮ್ಮ ಆಟ ಮುಗಿಸಿ ಗಾಯಕರಿಗೆ ಜಾಗ ಬಿಟ್ಟುಕೊಡಲು ತಿರುಗುತ್ತವಲ್ಲ, ಆ ಕೊನೆಯ ಮೂರು ನಾಲ್ಕು ಸೆಕೆಂಡು. ದನಿ ಬರುವ ಅರೆಕ್ಷಣ ಮೊದಲು ಕತ್ತರಿಸಿ ನೋಡಿ. ಹಾಡಿನ ಹೆಸರು ಗೊತ್ತಿಲ್ಲದವರೂ ಮುಂದಿನ ಸಾಲನ್ನು ತಾವಾಗಿಯೇ ಗುನುಗುತ್ತಾರೆ, ಆಮೇಲೆ ಅವರೇ ಬೆರಗಾಗುತ್ತಾರೆ. ಇದೇ ತುಣುಕನ್ನು ಎರಡು ಸೆಕೆಂಡು ಹಿಂದಕ್ಕೆ ಸರಿಸಿದರೆ ಅರ್ಧ ಸಭೆ ಸುಮ್ನೆ ಕೂತಿರುತ್ತದೆ. ಹಾಗಾಗಿ ಒಂದೇ ಹಾಡಿನಿಂದ ಕಷ್ಟದ ಪ್ರಶ್ನೆಯನ್ನೂ ಮಾಡಬಹುದು, ಸುಲಭದ್ದನ್ನೂ ಮಾಡಬಹುದು. ಮೊದಲು ಮೂರು ಸೆಕೆಂಡು ಕೇಳಿಸುತ್ತೇನೆ, ಆಮೇಲೆ ಆರು, ಕೊನೆಗೆ ಹನ್ನೆರಡು. ಅಂಕ ಕ್ರಮವಾಗಿ 30, 20, 10.

ಕತ್ತರಿಸುವುದಕ್ಕೆ ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು, ಉಚಿತವಾಗಿ ಸಿಗುತ್ತದೆ. ಪರದೆಯಲ್ಲಿ ಕಾಣುವ ಸದ್ದಿನ ಅಲೆಯ ಮಧ್ಯೆ ಕತ್ತರಿಸಿದರೆ ಟಪ್ ಅಂತ ಸದ್ದು ಬರುತ್ತದೆ. ಬೇಕಾದ ಭಾಗ ಆಯ್ದುಕೊಂಡು ಝಡ್ ಕೀ ಒತ್ತಿದರೆ ಎರಡೂ ತುದಿ ಅಲೆ ಸೊನ್ನೆಗೆ ಬರುವ ಜಾಗಕ್ಕೆ ಸರಿಯುತ್ತವೆ. ಇನ್ನೊಂದು, ಎಲ್ಲ ತುಣುಕುಗಳ ಗಟ್ಟಿತನವನ್ನೂ ಒಂದೇ ಮಟ್ಟಕ್ಕೆ ತನ್ನಿ. ಅರವತ್ತರ ದಶಕದ ಮೋನೋ ರೆಕಾರ್ಡಿಂಗ್ ಮೆಲ್ಲಗೆ, ಸರಸರ ಸದ್ದಿನೊಂದಿಗೆ ಬರುತ್ತದೆ. ಎಂಬತ್ತರದ್ದು ಎದೆಗೆ ಗುದ್ದುತ್ತದೆ. ಚುರುಕಿನವರು ಸರಸರ ಕೇಳಿಯೇ ಕಾಲ ಹೇಳಿಬಿಡುತ್ತಾರೆ! ಗಟ್ಟಿತನವನ್ನು ಸಮ ಮಾಡುತ್ತೇನೆ, ಸರಸರವನ್ನು ಮಾತ್ರ ತೆಗೆಯುವುದಿಲ್ಲ. ಅದು ಅವರ ಜಾಣತನಕ್ಕೆ ಸಿಕ್ಕ ಸುಳಿವು, ಇರಲಿ ಬಿಡಿ.

ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ. ಎಷ್ಟೋ ಸ್ಪೀಕರ್‌ಗಳು ಸದ್ದಿಲ್ಲದಿದ್ದಾಗ ಮಲಗಿಬಿಡುತ್ತವೆ, ಎಚ್ಚರಾಗುವಷ್ಟರಲ್ಲಿ ಮೊದಲ ಅರ್ಧ ಸೆಕೆಂಡು ಹೋಗಿರುತ್ತದೆ. ಮೂರು ಸೆಕೆಂಡಿನ ಆಟದಲ್ಲಿ ಅದು ಜಾಸ್ತಿಯೇ. ವೈರ್ ಹಾಕಿ. ಫೈಲಿಗೆ ಹಾಡಿನ ಹೆಸರಿಡಬೇಡಿ, ಬರೀ ನಂಬರ್ ಇಡಿ. ಪರದೆಯಲ್ಲಿ ಉತ್ತರ ಮಿನುಗಿದರೆ ಆಟ ಅಲ್ಲಿಗೇ ಮುಗಿಯಿತು.

ಇನ್ನು ಹಾಡುಗಳ ಆಯ್ಕೆ. ಶಹನಾಯಿ ಕೇಳಿದ ತಕ್ಷಣ ನಮ್ಮವರೆಲ್ಲ 'ಸನಾದಿ ಅಪ್ಪಣ್ಣ' ಅಂತ ಕೂಗುತ್ತಾರೆ. ತಪ್ಪೇನಿಲ್ಲ, 1977ರ ಆ ಚಿತ್ರದಲ್ಲಿ ಶಹನಾಯಿ ನುಡಿಸಿದ್ದು ಸಾಕ್ಷಾತ್ ಬಿಸ್ಮಿಲ್ಲಾ ಖಾನ್. ಅದಕ್ಕೇ ನಾನು ಬೇಕಂತಲೇ ಬೇರೆ ಯಾವುದೋ ಮದುವೆ ಹಾಡಿನ ಶಹನಾಯಿ ತುಣುಕನ್ನು ಮೊದಲು ಹಾಕುತ್ತೇನೆ. ಎಲ್ಲರೂ ಒಮ್ಮೆ ಜಾರಿದ ಮೇಲೆ, ನಾಲ್ಕು ಪ್ರಶ್ನೆ ದಾಟಿ, 'ಸನಾದಿ ಅಪ್ಪಣ್ಣ'ನದ್ದೇ 'ಕರೆದರೂ ಕೇಳದೆ' ಬರುತ್ತದೆ. ಆಗ ಒಬ್ಬರೂ ಬಾಯಿ ಬಿಡುವುದಿಲ್ಲ.

ರಾಜನ್–ನಾಗೇಂದ್ರ ಹಾಡುಗಳದ್ದು ಬೇರೆಯೇ ಕಥೆ. ಒಮ್ಮೆ 'ಎರಡು ಕನಸು' ಚಿತ್ರದ 'ಎಂದೆಂದೂ ನಿನ್ನನು ಮರೆತು' ಹಾಡಿನ ತುಣುಕು ಹಾಕಿದೆ. ಮೊದಲು ಕೈ ಎತ್ತಿದ್ದು ತೆಲುಗಿನವರು. 'ಎನ್ನೆನ್ನೋ ಜನ್ಮಲ ಬಂಧಂ' ಅಂದರು. ಸರಿಯೇ. 1974ರ ಕನ್ನಡ ಚಿತ್ರ ಮರುವರ್ಷ ತೆಲುಗಿನಲ್ಲಿ 'ಪೂಜಾ' ಆಯಿತು, ಅದಕ್ಕೂ ಇದೇ ಸೋದರರ ಸಂಗೀತ. ಕನ್ನಡದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ತೆಲುಗಿನಲ್ಲಿ ಎಸ್‌ಪಿಬಿ ಹಾಡಿದರು, ಹೆಣ್ಣು ದನಿ ಎರಡರಲ್ಲೂ ವಾಣಿ ಜಯರಾಂ ಅವರದ್ದೇ. ರಾಜ್ಯೋತ್ಸವದ ದಿನ ತೆಲುಗು ಉತ್ತರಕ್ಕೆ ಅಂಕ ಕೊಡಬೇಕೇ ಅಂತ ಸಣ್ಣ ಗಲಾಟೆಯಾಯಿತು. ಪೂರ್ತಿ ಅಂಕ ಕೊಟ್ಟೆ. ಕಿವಿಗೆ ಭಾಷೆ ಗೊತ್ತಿಲ್ಲ ಅಲ್ವಾ?

ಇಳಯರಾಜ ಹಾಡುಗಳಲ್ಲಿ ವಯಸ್ಸು ಬಯಲಾಗುತ್ತದೆ. 1981ರ 'ಗೀತಾ' ಚಿತ್ರದ 'ಜೊತೆಯಲಿ' ಧಾಟಿ ಕೇಳಿದರೆ ಐವತ್ತು ದಾಟಿದವರು ಶಂಕರ್‌ನಾಗ್ ಅನ್ನುತ್ತಾರೆ. ಮೂವತ್ತರವರು ಅದೇ ಧಾಟಿ ಮತ್ತೆ ಬಂದ 2007ರ ಹಿಂದಿ 'ಚೀನಿ ಕಮ್' ಅನ್ನುತ್ತಾರೆ. 'ಪಲ್ಲವಿ ಅನುಪಲ್ಲವಿ'ಯ ಹಿನ್ನೆಲೆ ಸಂಗೀತ ಹಾಕಿದರೆ ಮಕ್ಕಳ ಅಪ್ಪಂದಿರೆಲ್ಲ ಐಡಿಯಾ ಮೊಬೈಲ್ ಜಾಹೀರಾತು ಅಂತ ಕುಣಿಯುತ್ತಾರೆ.

ಅರವತ್ತರ ಆಸುಪಾಸಿನವರನ್ನು ಮಾತ್ರ ಹಗುರವಾಗಿ ನೋಡಬೇಡಿ. ಅವರು ನಿಧಾನ, ಬಜರ್ ಒತ್ತುವುದೂ ತಡ. ಆದರೆ ಉತ್ತರ ಬಂದರೆ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು, ಎಲ್ಲ ಒಟ್ಟಿಗೇ ಬರುತ್ತವೆ. ಆಕಾಶವಾಣಿಯಲ್ಲಿ ಹಾಡಿಗೆ ಮೊದಲು ಉದ್ಘೋಷಕರು ಹೇಳುತ್ತಿದ್ದ ಕ್ರಮದಲ್ಲೇ! ಹಾಗಾಗಿ ಬಜರ್ ಇಲ್ಲದ, ಚೀಟಿಯಲ್ಲಿ ಬರೆದುಕೊಡುವ ಒಂದು ಸುತ್ತು ಸೇರಿಸಿದೆ. ಆ ಸುತ್ತಿನಲ್ಲಿ ಹುಡುಗರು ಅವರ ಹತ್ತಿರವೂ ಸುಳಿಯುವುದಿಲ್ಲ. ಹೆಸರು ನಾಲಿಗೆಯ ತುದಿಯಲ್ಲೇ ನಿಂತವರಿಗೆ ಮುಂದಿನ ಸಾಲು ಗುನುಗಿದರೂ ಅಂಕ ಉಂಟು.

ಮುಂದಿನ ಸಲ ಭಾವಗೀತೆಗಳ ಸುತ್ತು ಮಾಡುವ ಆಸೆ ಇದೆ. ಇದು ಕಷ್ಟ. ಹಳೆಯ ಕ್ಯಾಸೆಟ್ಟುಗಳಲ್ಲಿ ಹಾರ್ಮೋನಿಯಂ, ತಬಲಾ ಬಿಟ್ಟರೆ ವಾದ್ಯ ಕಡಿಮೆ, ತುಣುಕುಗಳೆಲ್ಲ ಒಂದೇ ಥರ ಕೇಳುತ್ತವೆ. ಮೇಲಾಗಿ ಒಂದೇ ಕವಿತೆಗೆ ಎರಡೆರಡು ಧಾಟಿ. ನಾಡಗೀತೆಗೇ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಇಬ್ಬರ ಧಾಟಿಯೂ ಇದ್ದು, ಕೊನೆಗೆ 2022ರಲ್ಲಿ ಸರ್ಕಾರವೇ ಅನಂತಸ್ವಾಮಿ ಅವರದ್ದನ್ನು ನಿಗದಿ ಮಾಡಬೇಕಾಯಿತು. ಸದ್ಯಕ್ಕೆ ಹನ್ನೆರಡು ಸೆಕೆಂಡನ್ನು ಇಪ್ಪತ್ತಕ್ಕೆ ಏರಿಸಿ, ಮನೆಯವರ ಮೇಲೆ ಪ್ರಯೋಗ ಮಾಡುತ್ತಿದ್ದೇನೆ.