ಪೆಡಲ್‌ಗೆ ಅಡಾಪ್ಟರ್ ಚುಚ್ಚುವ ಮುಂಚೆ ಲೇಬಲ್ ನೋಡಿ

ಬೆಳಗಾವಿಯ ಗಿಟಾರ್ ಗೆಳೆಯರೇ, ಗಣಪತಿ ಹಬ್ಬದ ಕಾರ್ಯಕ್ರಮಗಳು ಹತ್ತಿರ ಬಂದವು, ಅದಕ್ಕೇ ಹೇಳ್ತಿದ್ದೇನೆ. ಹೋದ ವರ್ಷ ಗಡಿಬಿಡಿಯಲ್ಲಿ ಮನೆಯ ರೂಟರ್‌ನ 12 ವೋಲ್ಟ್ ಅಡಾಪ್ಟರನ್ನು ನನ್ನ ಡಿಲೇ ಪೆಡಲ್‌ಗೆ (ಗಿಟಾರ್ ಸದ್ದನ್ನು ಪ್ರತಿಧ್ವನಿಯಂತೆ ಮರಳಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಚುಚ್ಚಿದೆ. ಪಿನ್ ಸರಿಯಾಗೇ ಕೂತಿತು. ಲೈಟ್ ಒಮ್ಮೆ ಮಿನುಗಿತು, ಸುಟ್ಟ ವಾಸನೆ ಬಂತು, ಮುಗೀತು.

ಹೆಚ್ಚಿನ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ಮೈನಸ್. ರೂಟರ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್. ಲೇಬಲ್ ಮೇಲೆ ಒಂದು ಚುಕ್ಕೆ, ಅದರ ಸುತ್ತ ಅರ್ಧಚಂದ್ರದಂಥ ಗುರುತು ಇರುತ್ತದೆ. ಚುಕ್ಕೆಯಿಂದ ಹೊರಟ ಗೆರೆ ಮೈನಸ್ ಕಡೆ ಹೋಗಿರಬೇಕು.

ಅಡಾಪ್ಟರ್ ಮೇಲೆ ಬರೆದ ಮಿಲಿಆಂಪ್ (ಅದು ಕೊಡಬಲ್ಲ ಕರೆಂಟ್) ಜಾಸ್ತಿ ಇದ್ದರೆ ಹೆದರಬೇಡಿ, ಪೆಡಲ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಡಿಮೆ ಇದ್ದರೇ ತೊಂದರೆ.

ಒಂದೇ ಅಡಾಪ್ಟರಿಗೆ ನಾಲ್ಕೈದು ಪೆಡಲ್ ಜೋಡಿಸಿ, ಅದರಲ್ಲಿ ಒಂದು ಡಿಜಿಟಲ್ ಇದ್ದರೆ, ಆಂಪ್ಲಿಫೈಯರ್‌ನಲ್ಲಿ ಕುಂಯ್ ಅನ್ನೋ ಸದ್ದು ಶುರುವಾಗಬಹುದು. ಐಸೊಲೇಟೆಡ್ ಸಪ್ಲೈ, ಅಂದರೆ ಒಂದೊಂದು ಔಟ್‌ಪುಟ್ಟೂ ಒಳಗೆ ಬೇರೆಬೇರೆಯಾಗಿರೋದು, ತಗೊಂಡರೆ ಒಳ್ಳೇದು. ಆದರೆ ಡಬ್ಬಿ ಮೇಲಿನ ಬರಹವನ್ನೇ ನಂಬಬೇಡಿ. ಗೋಡೆಯ ಪ್ಲಗ್ಗನ್ನೂ ಪೆಡಲ್‌ಗಳನ್ನೂ ಕಿತ್ತು, ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ ಎರಡು ಔಟ್‌ಪುಟ್‌ಗಳ ಮೈನಸ್‌ಗೆ ಹಿಡಿಯಿರಿ. ಬೀಪ್ ಬಂತಾ? ಅದು ಐಸೊಲೇಟೆಡ್ ಅಲ್ಲ, ಸುಮ್ನೆ ವಾಪಸ್ ಕೊಟ್ಟುಬಿಡಿ.